ಚೌಕಟ್ಟಿಗೆ ನಿಲ್ಲದ ಊರು
ನ್ಯೂ ಆರ್ಲಿಯನ್ಸಿಗೆ ಹೋಗಿಬಂದವರ ಫೋಟೊಗಳಲ್ಲಿ ಫ್ರೆಂಚ್ ಕ್ವಾರ್ಟರಿನ ಕಬ್ಬಿಣದ ಕುಸುರಿಯ ಬಾಲ್ಕನಿ ಇದ್ದೇ ಇರುತ್ತದೆ. ಹೆಸರು ಫ್ರೆಂಚರದು, 1788, 1794ರ ಬೆಂಕಿಗಳ ನಂತರ ಮತ್ತೆ ಕಟ್ಟಿಸಿದ್ದು ಸ್ಪೇನಿನ ಆಳ್ವಿಕೆ. ಕಟ್ಟಡಗಳ ಫೋಟೊಗಳನ್ನು ಬೆಳಗ್ಗೆಯೇ ತೆಗೆದು ಮುಗಿಸಿಬಿಡಬೇಕು. ಆಮೇಲೆ ಜ್ಯಾಕ್ಸನ್ ಚೌಕದಲ್ಲಿ ಟ್ರಂಪೆಟ್ಟು, ಟ್ರಾಂಬೋನು ಶುರುವಾದರೆ ಚೌಕಟ್ಟಿನೊಳಗೆ ಯಾರೂ ಸುಮ್ಮನೆ ನಿಲ್ಲರು. ವಾದಕರ ಡಬ್ಬಕ್ಕೆ ಡಾಲರ್ ಹಾಕದೆ ಕ್ಲಿಕ್ಕಿಸುವುದು, ನನ್ನ ಲೆಕ್ಕದಲ್ಲಿ, ಕರೆಯದೆ ಹೋಗಿ ಮದುವೆಯೂಟ ಹೊಡೆದಂತೆ. 1961ರಲ್ಲಿ ಶುರುವಾದ ಪ್ರಿಸರ್ವೇಶನ್ ಹಾಲ್‌ನಲ್ಲಿ ಆ ತಕರಾರೇ ಇಲ್ಲ: ಜಾಜ್ ನುಡಿಸುವಾಗ ಫೋಟೊ, ವಿಡಿಯೊ ಎರಡೂ ನಿಷಿದ್ಧ. ಇಕ್ಕಟ್ಟಾದ ಕೋಣೆ, ಮೈಕಿನ ಹಂಗಿಲ್ಲದ ವಾದನ. ಆ ನಿಯಮ ನನಗಂತೂ ಪೂರ್ತಿ ಒಪ್ಪಿಗೆ. ಕ್ಯಾಮೆರಾದ ಹಸಿವು ತೀರಬೇಕಿದ್ದರೆ ಬೀದಿಯ ‘ಸೆಕೆಂಡ್ ಲೈನ್’ ಮೆರವಣಿಗೆಗಳಿವೆ. ಬ್ಯಾಂಡಿನ ಹಿಂದೆ ಕುಣಿಯುತ್ತ ಬರುವ ಜನರೇ ಆ ‘ಎರಡನೇ ಸಾಲು’. ಅವರ ಮುಖ ಬೇಕೆಂದರೆ ಬ್ಯಾಂಡಿಗಿಂತ ಮುಂದೆ ಓಡಿ, ಹಿಮ್ಮುಖವಾಗಿ ನಡೆಯುವುದು ಗೊತ್ತಿರಬೇಕು.