ಮುಂದ್ಗಡೆ ಕುರ್ಚಿ ಖಾಲಿ ಬಿದ್ದಿದ್ರೂ ನಾವ್ಯಾಕೆ ಮೂಲೇಲಿ?

ಹೋದ್ಸಲ ಹುರುಳಿಕಾಳು ಬಸ್ಸಾರಿನ ವಿಷ್ಯ ಬರ್ದಿದ್ದೆ. ಈ ಸಲ ಅಡುಗೆ ಮಾತಿಲ್ಲ. ಹೊಟ್ಟೇಲಿ ಒಂದು ಸಿಟ್ಟು ಕುಂತದೆ. ಅದನ್ನ ಈಚೆಗೆ ಹಾಕ್ದೆ ಇದ್ರೆ ನಂಗೆ ನಿದ್ದೆ ಬರಕ್ಕಿಲ್ಲ.

ನಮ್ಮೂರಲ್ಲಿ ಮಾರಿಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡಿದ್ದು ನಿಮ್ಗೆಲ್ಲಾ ಗೊತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಕುರುಕ್ಷೇತ್ರ ಆಡದೆ ಇರೋ ಊರು ಹುಡುಕ್ಬೇಕು. ಬೇಸಾಯ ಮಾಡೋನು ದುರ್ಯೋಧನ ಆಯ್ತಾನೆ, ಕಂಡಕ್ಟರ್ ಕೃಷ್ಣ ಆಯ್ತಾನೆ, ಹಾಲಿನ ಡೇರಿ ಸೆಕ್ರೆಟ್ರಿ ಶಕುನಿ ಆಯ್ತಾನೆ. ಈ ಸಲ ನಮ್ಮ ಕೊನೆ ಮೈದ ಕರ್ಣನ ಪಾರ್ಟು ತಕ್ಕೊಂಡಿದ್ದ. ತಕ್ಕೊಂಡಿದ್ದ ಅಂದ್ರೆ ಸುಮ್ಕೆ ಅಲ್ಲ, ದುಡ್ಡು ಕೊಟ್ಟು. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಗೆ, ಡ್ರೆಸ್ಸಿಗೆ, ಮೈಕಿಗೆ, ಹೆಣ್ಣು ಪಾರ್ಟು ಮಾಡಕ್ಕೆ ಬರೋ ಕಲಾವಿದೇರಿಗೆ, ಎಲ್ಲಾ ಖರ್ಚೂ ಪಾರ್ಟಿನೋರ ತಲೆ ಮೇಲೇ. ದೊಡ್ಡ ಪಾರ್ಟಿಗೆ ದೊಡ್ಡ ದುಡ್ಡು. ಅವ್ನ ಪಾಲಿನ ದುಡ್ಡಲ್ಲಿ ಅರ್ಧ ರೇಷ್ಮೆಗೂಡು ಮಾರಿದ್ದು. ಇನ್ನರ್ಧ ನನ್ನ ಓರಗಿತ್ತಿ ಓಲೆ ಬ್ಯಾಂಕಲ್ಲಿ ಇಟ್ಟಿದ್ದು. ಇದನ್ನ ಗ್ಯಾನದಲ್ಲಿ ಇಟ್ಕಳಿ, ಆಮೇಲೆ ಬೇಕಾಯ್ತದೆ.

ನಮ್ಮತ್ತೆಗೆ ಎಂಬತ್ತು ದಾಟದೆ. ಮಗ ಕರ್ಣ ಆಗೋದನ್ನ ನೋಡ್ಬೇಕು ಅಂತ ಒಂದೇ ಆಸೆ. ನಮ್ಮಾವ್ನೋರು ವಯಸ್ಸಲ್ಲಿ ಅದೇ ಪಾರ್ಟು ಮಾಡಿದ್ರಂತೆ. ನಾನು, ಅತ್ತೆ, ಓರಗಿತ್ತಿ, ಮಕ್ಳು ಎಲ್ಲಾರೂ ಏಳು ಗಂಟೆಗೇ ಚಾಪೆ, ಕಂಬ್ಳಿ, ನೀರಿನ ಕ್ಯಾನು ಹೊತ್ಕೊಂಡು ಹೋದೊ. ಸ್ಟೇಜಿನ ಎದುರಿಗೆ ನಟ್ಟನಡುವೆ ಹಾಸಿ ಅತ್ತೇನ ಕೂರ್ಸಿದೊ. ಎಂಟೂವರೆಗೆ ಬಂದ್ರು ನೋಡಿ ಕೆಂಪು ಟವಲ್ಲಿನ ಹುಡುಗ್ರು. "ಎದ್ದೇಳ್ರವ್ವ, ಗಣ್ಯರಿಗೆ ಕುರ್ಚಿ ಹಾಕ್ಬೇಕು, ಹೆಂಗಸ್ರು ಆ ಕಡೆ." ಆ ಕಡೆ ಅಂದ್ರೆ ಎಲ್ಲಿ? ಎಡಗಡೆ, ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಪಕ್ಕ, ಪೆಂಡಾಲಿನ ಕಂಬದ ಹಿಂದೆ. ನಾವೂ ಎದ್ದೊ. ಎದ್ದಿದ್ದೇ ತಪ್ಪು.

ಗಣ್ಯರು ಬಂದ್ರು. ದೀಪ ಹಚ್ಚಿದ್ರು. ಒಬ್ಬೊಬ್ರೂ ನಾಟಕ ನಮ್ಮ ಸಂಸ್ಕೃತಿ, ಉಳುಸ್ಬೇಕು ಅಂತ ಭಾಷ್ಣ ಮಾಡಿದ್ರು. ಶಾಲು ಹೊದ್ಸುಸ್ಕೊಂಡ್ರು. ಹನ್ನೊಂದು ಗಂಟೆಗೆ ಮೊದ್ಲನೇ ಸೀನು ಮುಗಿಯೋ ಹೊತ್ಗೆ ಎದ್ದು ಕಾರು ಹತ್ತಿದ್ರು. ಸಂಸ್ಕೃತಿ ಉಳುಸಕ್ಕೆ ಯಾರೂ ಉಳೀಲಿಲ್ಲ! ಎರಡು ಸಾಲು ಕುರ್ಚಿ ಖಾಲಿ. ಅದ್ರಲ್ಲಿ ಬಂದು ಕುಂತೋರು ಯಾರು? ಕುಡ್ಕೊಂಡು ಬಂದಿದ್ದ ಪಡ್ಡೆಗಳು, ಕಾಲ್ಮೇಲೆ ಕಾಲು ಹಾಕ್ಕೊಂಡು. ಎಂಬತ್ತು ವರ್ಷದ ಮುದ್ಕಿ ಕಂಬದ ಹಿಂದೆ.

ಮೂರು ಗಂಟೆಗೆ ಕುಂತಿ-ಕರ್ಣರ ಸೀನು ಬಂತು. ಇಡೀ ನಾಟಕದಲ್ಲಿ ಹೆತ್ತವ್ಳ ಸೀನು ಅಂದ್ರೆ ಅದೊಂದೇ. ನೀರಲ್ಲಿ ತೇಲಿಬಿಟ್ಟ ಮಗಿನ ಮುಂದೆ ತಾಯಿ ಬಂದು ನಿಂತ್ಕೊಂಡು, ನಾನೇ ನಿನ್ನ ಹೆತ್ತೋಳು ಅಂತ ಬಾಯ್ಬುಡೋ ಹೊತ್ತು. ಅವ್ಳು ಬಾಯ್ತೆಗೀಬೇಕು, ಅಷ್ಟೊತ್ಗೆ ಮೈಕಲ್ಲಿ ಅನೌನ್ಸು, ಕರ್ಣನ ಪಾತ್ರಧಾರಿಗೆ ಇಂಥೋರಿಂದ ಹೂವಿನ ಹಾರ, ಐನೂರು ರೂಪಾಯಿ ಕಾಣಿಕೆ. ಮೂರು ಜನ ಸ್ಟೇಜ್ ಹತ್ತಿದ್ರು. ಹಾರ ಹಾಕಿದ್ರು, ಫೋಟೋ ತೆಗುಸ್ಕೊಂಡ್ರು. ಕುಂತಿ ಪಾರ್ಟಿನ ಹೆಣ್ಣುಮಗಳು ಕಣ್ಣೀರು ಹಂಗೇ ಇಟ್ಕೊಂಡು ಪಕ್ಕಕ್ಕೆ ಸರ್ದು ನಿಂತ್ಕಂಡ್ಲು. ಅವ್ರು ಇಳುದ್ರು ಅನ್ನೋ ಹೊತ್ಗೆ ಮುಂದಿನ ಸಾಲಿನೋರೆಲ್ಲಾ ಎದ್ದು ಮೊಬೈಲ್ ಎತ್ತಿದ್ರು. ನಮ್ಮತ್ತೆ ನನ್ನ ಕೈ ಹಿಡ್ದು ಜಗ್ಗಿ ಕೇಳ್ತು, "ಏನವ್ವ, ಕುಂತಿ ಏನಂದ್ಲು? ನಮ್ ಹೈದ ಏನಂದ?" ಸ್ಪೀಕರ್ ಪಕ್ಕ ಕುಂತಿದ್ದೊವಲ್ಲ, ಧಡಧಡ ಸದ್ದು ಬಿಟ್ರೆ ನಂಗೂ ಏನೂ ಕೇಳಿರ್ಲಿಲ್ಲ. ಮೂರು ತಿಂಗ್ಳಿಂದ ಕಾದಿದ್ದ ಸೀನು ಹಂಗೇ ಹೊಂಟೋಯ್ತು.

ಇದು ನಮ್ಮೂರ ಕಥೆ ಮಾತ್ರ ಅಂದ್ಕೋಬೇಡಿ. ನೀವೂ ಕಂಬದ ಹಿಂದೆ ಕುಂತೋರೇ.

ಕೆಲವ್ರು ಹೇಳ್ತಾರೆ, "ಮುಂದ್ಗಡೆ ಕೂರೋರು ದುಡ್ಡು ಕೊಟ್ಟವ್ರೆ ಕಣಕ್ಕ." ಸರಿ, ಲೆಕ್ಕ ಹಾಕವ. ಚಂದಾ ಪ್ರತಿ ಮನೆಯಿಂದ ಹೋಗದೆ. ನಮ್ಮನೆಯಿಂದ ಚಂದಾನೂ ಹೋಗದೆ, ಓಲೆನೂ ಹೋಗದೆ. ಮೂರು ತಿಂಗ್ಳು ಮಾರಮ್ಮನ ಗುಡೀಲಿ ತಾಲೀಮು ನಡೀತು. ರಾತ್ರಿ ಒಂಬತ್ತರಿಂದ ಹನ್ನೆರಡರವರ್ಗೂ ಅವ್ರಿಗೆ ಕಾಫಿ ಕಾಯ್ಸಿದ್ದು ಯಾರು? ಮೇಷ್ಟ್ರಿಗೆ ಮುದ್ದೆ, ಸೊಪ್ಪಿನ ಸಾರು ಬಡ್ಸಿದ್ದು ಯಾರು? ಗಂಡ ರಾತ್ರಿಯೆಲ್ಲಾ ಕಂದಪದ್ಯ ಬಾಯಿಪಾಠ ಮಾಡ್ತಾನೆ ಅಂತ ಬೆಳಗ್ಗೆ ಎದ್ದು ಹಿಪ್ನೇರ್ಳೆ ಸೊಪ್ಪು ಕೊಯ್ದು ಹುಳಕ್ಕೆ ಹಾಕಿದ್ದು ಯಾರು? ಐನೂರು ರೂಪಾಯಿ ಹಾರದೋನಿಗೆ ಸೋಫಾ, ಓಲೆ ಕೊಟ್ಟೋಳಿಗೆ ಕಂಬ. ಇದ್ಯಾವ ಸೀಮೆ ಲೆಕ್ಕ?

ಇನ್ನು ಕೆಲವ್ರು, "ಹಿಂದಿನ ಕಾಲದಿಂದ್ಲೂ ಹೆಂಗಸ್ರು ಒಂದು ಕಡೆಗೇ ಕೂರೋದು" ಅಂತಾರೆ. ಹಿಂದಿನ ಕಾಲ ನಂಗೂ ವಸಿ ಗೊತ್ತು. ಟೂರಿಂಗ್ ಟಾಕೀಸ್ ಟೆಂಟಲ್ಲಿ ಹೆಂಗಸ್ರಿಗೊಂದು ಕಡೆ, ಗಂಡಸ್ರಿಗೊಂದು ಕಡೆ ಇತ್ತು, ನಿಜ. ಆದ್ರೆ ಅದು ಅಕ್ಕಪಕ್ಕ. ಪರದೆಗೆ ಅವ್ರೆಷ್ಟು ದೂರವೋ ನಾವೂ ಅಷ್ಟೇ ದೂರ. ಇನ್ನೂ ಹಿಂದಕ್ಕೋದ್ರೆ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪ್ನಿ. ಕುರುಕ್ಷೇತ್ರಕ್ಕೆ ಆನೆ, ಕುದುರೇನೆಲ್ಲಾ ರಂಗದ ಮೇಲೆ ತಂದೋರು ವೀರಣ್ಣೋರು. ಅವ್ರ ಕಂಪ್ನೀಲಿ ಬಿ. ಜಯಮ್ಮನಂಥೋರು ಹೆಸರು ಮಾಡಿದ್ರು. ಆ ಕಾಲಕ್ಕೇ ಹೆಣ್ಣು ರಂಗದ ಮೇಲೆ ಹತ್ತಿ ನಿಂತದೆ. ನಾವು ಈಗ್ಲೂ ಎದುರಿಗೆ ಕೂರಕ್ಕೆ ಅಪ್ಪಣೆ ಕೇಳ್ತಾ ಇದ್ದೀವಿ.

ನನ್ನ ತಂಗಿ ಮಗಳು ಅಮೆರಿಕದ ನ್ಯೂಜೆರ್ಸಿಲಿ ಅವ್ಳೆ. ಫೋನಲ್ಲಿ ಅವ್ಳ ಹತ್ರ ಈ ಗೋಳು ಹೇಳ್ಕೊಂಡೆ. ಅವ್ಳು ನ್ಯೂಯಾರ್ಕಿನ ಬ್ರಾಡ್‌ವೇ ನಾಟಕದ ವಿಷ್ಯ ಹೇಳಿದ್ಲು. ಅಲ್ಲಿ ಹೊಸ ನಾಟಕನ ಶಾಸ್ತ್ರಕ್ಕೆ ಉದ್ಘಾಟನೆ ಮಾಡೋಕ್ಮುಂಚೆ ಕೆಲವು ವಾರ ಆಡ್ತಾರಂತೆ. ಪ್ರಿವ್ಯೂ ಅಂತ ಅದಕ್ಕೆ ಹೆಸರು. ಜನ ಎಲ್ಲಿ ನಗ್ತಾರೆ, ಎಲ್ಲಿ ಕೆಮ್ಮುತಾರೆ, ಎಲ್ಲಿ ಆಕಳಿಸ್ತಾರೆ ನೋಡ್ಕೊಂಡು ಮಾತು ಕಡ್ಮೆ ಮಾಡ್ತಾರೆ, ಸೀನು ತಿದ್ತಾರೆ. ಕಂಬ ಅಡ್ಡ ಬರೋ ಸೀಟಾದ್ರೆ, ಇಲ್ಲಿಂದ ಪೂರ್ತಿ ಕಾಣಲ್ಲ ಅಂತ ಮೊದ್ಲೇ ಹೇಳಿ ಕಡ್ಮೆ ರೇಟಿಗೆ ಕೊಡ್ತಾರಂತೆ. ನಮ್ಗೆ ಹಂಗೆ ಹೇಳೋರೂ ಇಲ್ಲ, ಓಲೇಲಿ ರಿಯಾಯ್ತಿನೂ ಇಲ್ಲ! 2015ರಲ್ಲಿ ಅದೇ ನ್ಯೂಯಾರ್ಕಲ್ಲಿ ಪ್ಯಾಟಿ ಲುಪೋನ್ ಅನ್ನೋ ನಟಿ, ಮುಂದೆ ಕುಂತು ಮೊಬೈಲ್ ಒತ್ತುತಾ ಇದ್ದೋರ ಕೈಯಿಂದ ನಾಟಕದ ಮಧ್ಯದಲ್ಲೇ ಮೊಬೈಲ್ ಕಿತ್ಕೊಂಡು ಹೋದ್ಲಂತೆ. ಕೇಳಿ ನಂಗೆ ಹೊಟ್ಟೆ ತಣ್ಣಗಾಯ್ತು.

ಅಷ್ಟು ದೂರ ಯಾಕೆ, ಮೈಸೂರೇ ಸಾಕು. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದಲ್ಲಿ 2010ರಲ್ಲಿ 'ಮಲೆಗಳಲ್ಲಿ ಮದುಮಗಳು' ಆಡಿದ್ರು. ಕುವೆಂಪು ಅವ್ರ ಕಾದಂಬರಿ, ಸಿ. ಬಸವಲಿಂಗಯ್ಯ ಮಾಡಿಸಿದ್ದು. ರಾತ್ರಿಯಿಂದ ಬೆಳಗಿನವರ್ಗೂ ಒಂಬತ್ತು ಗಂಟೆ ನಾಟಕ. ಒಂದೇ ಸ್ಟೇಜಲ್ಲ, ಜನವೇ ಎದ್ದು ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಹೋಗಿ ಕೂರ್ಬೇಕು. ಅಂಥ ಕಡೆ ಕುರ್ಚಿ ಮೇಲೆ ಹೆಸರು ಬರ್ದು ಇಟ್ಕೊಳ್ಳೋಕೆ ಯಾರ್ಗಾದ್ರೂ ಆಯ್ತದಾ? ಒಬ್ರು ಒಂದು ರಂಗದಲ್ಲಿ ಮುಂದೆ ಕುಂತ್ರೆ ಇನ್ನೊಂದ್ರಲ್ಲಿ ಹಿಂದೆ. ಹಂಗೂ ನಾಟಕ ನಡೀತದೆ ಅನ್ನೋದಕ್ಕೆ ಅದು ಸಾಕ್ಷಿ.

ಪ್ರಿವ್ಯೂ ಮಾತು ಕೇಳ್ದಾಗ ನಂಗೆ ತಾಲೀಮೇ ನೆಪ್ಪಾಯ್ತು. ಗುಡಿ ಹೊರಗಡೆ ಜಗಲಿ ಮೇಲೆ ಕುಂತು ನಾವು ಮೂರು ತಿಂಗ್ಳು ಕೇಳಿದ್ದೀವಿ. ಯಾರ ಶ್ರುತಿ ಎಲ್ಲಿ ತಪ್ತದೆ, ಯಾರು ಮಾತು ನುಂಗ್ತಾರೆ ಎಲ್ಲಾ ನಮ್ಗೆ ಗೊತ್ತು. ಒಂದಿನ ಕಾಫಿ ಕೊಡ್ತಾ ಮೈದುನಂಗೆ ಅಂದೆ, "ಅಲ್ಲಪ್ಪ, ಕುಂತಿ ಹೆತ್ತೋಳು ಅಂತ ಹೇಳೋವಾಗ ನೀನು ಜನದ ಕಡೆ ಮುಖ ಮಾಡ್ಕೊಂಡು ಮೀಸೆ ತಿರುವ್ತೀಯಲ್ಲ, ತಾಯಿ ಮುಖ ನೋಡದೇ ಇರೋ ಮಗ ಇದ್ದಾನಾ?" ಅವ್ನು ನಕ್ಕ. ಮೇಷ್ಟ್ರು ನಗ್ಲಿಲ್ಲ. "ಅಮ್ಮೋರು ಹೇಳೋದು ಸರಿ ಅದೆ" ಅಂದು ಮಾರ್ನೇ ದಿನವೇ ತಿದ್ದಿದ್ರು. ನಾಟಕದ ದಿನ ಅವ್ನು ತಿರುಗಿ ಅವ್ಳ ಮುಖ ನೋಡ್ದ ಅಂತ ಆಮೇಲೆ ಬೇರೆಯೋರು ಹೇಳಿದ್ರು. ನಾನೇ ಹೇಳಿ ತಿದ್ಸಿದ ಸೀನನ್ನ ನಾನೇ ನೋಡಕ್ಕೆ ಆಗ್ಲಿಲ್ಲ ಅಂದ್ರೆ ಹೊಟ್ಟೆ ಉರಿಯಲ್ವೇನ್ರವ್ವ?

ಈಗ ಇದಕ್ಕಿಂತ ದೊಡ್ಡ ಮಾತು. ಹೆಣ್ಣು ಪಾರ್ಟಿಗೆ ಬಂದಿದ್ರಲ್ಲ, ಅವ್ರಲ್ಲಿ ಕುಂತಿ, ದ್ರೌಪದಿ ಎರಡೂ ಮಾಡಿದ ಹೆಣ್ಣುಮಗಳು ನಮ್ಮನೇಲೇ ಇಳ್ಕೊಂಡಿದ್ಲು. ನಲವತ್ತು ವರ್ಷ ಇರ್ಬೋದು, ಓದೋ ಇಬ್ರು ಮಕ್ಳ ತಾಯಿ. ದ್ರೌಪದಿ ವೇಷದಲ್ಲಿ ಮುಡಿ ಬಿಚ್ಕೊಂಡು ಬಂದಾಗ ಆ ಮುಂದಿನ ಕುರ್ಚಿ ಪಡ್ಡೆಗಳು ಎಂಥ ಶಿಳ್ಳೆ, ಎಂಥ ಮಾತು! ಬರೆಯಕ್ಕೆ ಕೈ ಬರಲ್ಲ. ದ್ರೌಪದಿಗೆ ಸಭೇಲಿ ಆದ ಅವಮಾನದ ಕಥೇನ ಆಡ್ತಾ ಇರೋವಾಗ್ಲೇ ಸಭೇಲಿ ಅವಮಾನ ಮಾಡೋದು ಅಂದ್ರೆ ಇದೇ ಅಲ್ವಾ? ಬೆಳಗ್ಗೆ ಬಣ್ಣ ತೊಳ್ಕೊಂಡು ಕಾಫಿ ಕುಡೀವಾಗ ಅವ್ಳಂದ್ಲು, "ಅಕ್ಕ, ಎಲ್ಲಾ ಊರಲ್ಲೂ ಇದೇ. ಮುಂದ್ಗಡೆ ಹೆಂಗಸ್ರು ಕುಂತಿರೋ ಊರಲ್ಲಿ ಮಾತ್ರ ಯಾರೂ ಬಾಲ ಬಿಚ್ಚಲ್ಲ. ನಿಮ್ಮ ಮುಖ ಕಂಡ್ರೆ ನಮ್ಗೊಂದು ಧೈರ್ಯ."

ಆವತ್ತಿಂದ ಈ ಮಾತು ನನ್ನ ಬಿಟ್ಟಿಲ್ಲ. ನಾವು ಎದ್ದು ಜಾಗ ಬಿಟ್ಟಿದ್ದು ನಮ್ಮ ಕಣ್ಣಿಗೆ ಮಾತ್ರ ನಷ್ಟ ಅಂದ್ಕೊಂಡಿದ್ದೆ. ನಾವು ಬಿಟ್ಟ ಜಾಗದಲ್ಲಿ ಯಾರು ಬಂದು ಕುಂತ್ರು, ಅವ್ರು ಯಾರ ಮೇಲೆ ಬಿದ್ರು ಅಂತ ನೋಡಿರ್ಲಿಲ್ಲ.

ನಮ್ಮ ತಪ್ಪೂ ಅವೆ, ಮುಚ್ಚಿಡಕ್ಕಿಲ್ಲ. ಭೀಷ್ಮ ಮಾತಾಡ್ತಾ ಇದ್ರೆ ನಾವು ಯಾರ ಮನೆ ಮದ್ವೆ ನಿಶ್ಚಯ ಆಯ್ತು ಅಂತ ಮಾತಾಡ್ತೀವಿ. ಕಳ್ಳೆಕಾಯಿ ಸಿಪ್ಪೆ ಪಟಪಟ ಅನ್ನುಸ್ತೀವಿ. ಮಗ ಪಾರ್ಟು ಮಾಡ್ತಿದ್ರೆ ನಾವೂ ಮೊಬೈಲ್ ಎತ್ತಿ ಹಿಂದಿನೋರ ಕಣ್ಣಿಗೆ ಅಡ್ಡ ಹಿಡೀತೀವಿ. ನಮ್ಮೋನ ಸೀನು ಮುಗೀತು ಅಂದ್ರೆ ಚಾಪೆ ಸುತ್ಕೊಂಡು ಮನೆಗೆ. ಗದಾಯುದ್ಧಕ್ಕೆ ಬೆಳಗ್ಗೆ ಉಳಿಯೋರು ಹತ್ತೇ ಜನ. ಮುಂದಿನ ಸಾಲು ಕೇಳೋರು ಮೊದ್ಲು ಈ ಚಾಳಿ ಬುಡ್ಬೇಕು.

ಕೂರೋ ಜಾಗದ ವಿಷ್ಯ ನಂಗೆ ಗೊತ್ತಿರೋದು ಹೇಳ್ತೀನಿ. ಸ್ಟೇಜಿಗೆ ತೀರಾ ಅಂಟ್ಕೊಂಡು ಕೂರಬೇಡಿ. ಸ್ಟೇಜ್ ಎತ್ತರ ಇರ್ತದೆ, ಕತ್ತು ನೋಯ್ತದೆ, ಬರೀ ಪಾದ ಕಾಣ್ತದೆ. ಐದಾರು ಮಾರು ಹಿಂದಕ್ಕೆ, ನಟ್ಟನಡುವೆ ಹಾಸಿ. ಹಾಡೋರೆಲ್ಲಾ ನಡುವಿನ ಮೈಕಿಗೇ ಬರೋದು. ಹಾರ್ಮೋನಿಯಂ ಪಕ್ಕ ಕುಂತ್ರೆ ಪದ ಚೆನ್ನಾಗಿ ಕೇಳ್ತದೆ ಅಂತಾರೆ, ಆದ್ರೆ ಮಾತು ಮುಳುಗೋಯ್ತದೆ. ಸ್ಪೀಕರ್ ಹತ್ರ ಮಾತ್ರ ಕೂರಲೇಬೇಡಿ, ಕಿವಿ ಮಂದ ಇರೋ ವಯಸ್ಸಾದೋರನ್ನಂತೂ ಖಂಡಿತಾ ಬೇಡ. ಜೋರು ಸದ್ದು ಬೇರೆ, ಮಾತು ಕೇಳ್ಸೋದು ಬೇರೆ. ಮಂಡಿ ನೋವಿನೋರಿಗೆ ಮನೆಯಿಂದ್ಲೇ ಒಂದು ಕುರ್ಚಿ ತನ್ನಿ. ಅದನ್ನ ಚಾಪೆ ಸಾಲಿನ ಹಿಂದೆ ಹಾಕಿ, ಯಾರ್ಗೂ ಅಡ್ಡ ಆಗಲ್ಲ. ಮಂಡ್ಯದ ಕಲಾಮಂದಿರದಲ್ಲಿ ಆಡಿದ್ರೆ ನಡುವಿನ ಸಾಲೇ ಮೇಲು. ಎಲ್ಲಕ್ಕಿಂತ ಹೆಚ್ಚಾಗಿ, ಕೊನೆ ವಾರದ ತಾಲೀಮಿಗೆ ಹೋಗಿ. ಗಲಾಟೆ ಇರಲ್ಲ, ಹಾರ ಇರಲ್ಲ, ತಪ್ಪು ಕಂಡ್ರೆ ಹೇಳ್ಬೋದು.

ಮುಂದಿನ ವರ್ಷಕ್ಕೆ ನಮ್ಮೂರಲ್ಲಿ ಕೇಳೋದು ನಾಲ್ಕೇ ಮಾತು. ಗಣ್ಯರಿಗೆ ಕುರ್ಚಿ ಹಾಕಿ, ಬೇಡ ಅನ್ನಲ್ಲ, ಆದ್ರೆ ಪಕ್ಕದಲ್ಲಿ ಹಾಕಿ. ನಡುವಿನ ಚಾಪೆ ಜಾಗ ಹೆಂಗಸ್ರಿಗೂ ವಯಸ್ಸಾದೋರಿಗೂ ಇರ್ಲಿ. ಹಾರ, ಕಾಣಿಕೆ ಎಲ್ಲಾ ಸೀನು ಬದಲಾಗೋವಾಗ, ಪರದೆ ಬಿದ್ದ ಮೇಲೆ. ಕಲಾವಿದೇರ ಮೇಲೆ ಕೆಟ್ಟ ಮಾತು ಬಂದ್ರೆ ಮೈಕಲ್ಲೇ ಹೆಸರು ಹೇಳಿ ಎಬ್ಬುಸ್ಬೇಕು. ಹಾರ ಹಾಕ್ದೋರ ಹೆಸರು ಮೈಕಲ್ಲಿ ಹೇಳ್ತೀರಲ್ಲ, ಇದನ್ನೂ ಹೇಳಿ.

"ಯಾಕೆ ಸುಮ್ನೆ ಜಗಳ, ನಮ್ಗೆ ಮೂಲೆ ಸಾಕು" ಅಂತ ನಮ್ಮ ದೊಡ್ಡ ನಾದ್ನಿ ಫೋನ್ ಮಾಡಿ ಅಂದವ್ರೆ. ಅತ್ತಿಗೆ, ನಿಮ್ಗೆ ಸಾಕಾದ್ರೆ ಸರಿ. ಆದ್ರೆ ನಿಮ್ಮವ್ವ ಈಗ್ಲೂ ಊಟಕ್ಕೆ ಕುಂತಾಗ ಕೇಳ್ತದೆ, ಕುಂತಿ ಏನಂದ್ಲು ಅಂತ. ಮೈದ ಮನೇಲಿ ಆ ಮಾತೆಲ್ಲಾ ಎರಡು ಸಲ ಹೇಳಿ ತೋರ್ಸಿದ. ಅತ್ತೆ ಕೇಳ್ತು, ತಲೆ ಆಡುಸ್ತು, ಆಮೇಲೆ ಅಂತು, "ವೇಷ ಇಲ್ದೆ ನೀನು ನಮ್ ಹೈದನೇ, ಕರ್ಣ ಅಲ್ಲ ಕಣೋ."

ಮುಂದಿನ ಮಾರಿಹಬ್ಬಕ್ಕೆ ಆರು ಗಂಟೆಗೇ ಹೋಗವ. ಎದ್ದೇಳಿ ಅಂದ್ರೆ ಒಬ್ಳು ಕುಂತಿದ್ರೆ ಎಬ್ಬುಸ್ತಾರೆ, ಐವತ್ತು ಜನ ಕುಂತಿದ್ರೆ ಯಾರಿಗೂ ಆಗಲ್ಲ. ಚಾಪೆ, ಕಂಬ್ಳಿ ನಾನು ತತ್ತೀನಿ. ಕಳ್ಳೆಕಾಯಿ ಮನೇಲೇ ತಿಂದ್ಬನ್ನಿ.