ಕೋವಿ ಕಲಿಯಲು ಕುಲ ಬೇಕೇ?

ಅಭಾದ ಮಂಗಳವಾರದ ಸಂತೆಯಲ್ಲಿ ಜಂಬಿಯಾ ಎಂಬ ಬಾಗುಗತ್ತಿಗಳು ಇಂದಿಗೂ ಮಾರಾಟವಾಗುತ್ತವೆ. ಅಸೀರ್ ಪ್ರಾಂತ್ಯದ ಹಬ್ಬ, ಮದುವೆಗಳಲ್ಲಿ ಗಂಡಸರು ಕತ್ತಿ ಕೋವಿಗಳೊಡನೆ ಸಾಲುಗಟ್ಟಿ ಕುಣಿಯುತ್ತಾರೆ. ತಿಹಾಮಾ ಕಡೆಯ ಬುಡಕಟ್ಟುಗಳ ಗಂಡಸರಂತೂ ತಲೆಗೆ ಹೂವಿನ ದಂಡೆ ಮುಡಿದೇ ಬರುತ್ತಾರೆ. ಇದೇ ಸರವತ್ ಪರ್ವತಸಾಲಿನ ಉತ್ತರಕ್ಕಿರುವ ತಾಯಿಫ್‌ನಲ್ಲಿ ‘ತಅಶೀರ್’ ಎಂಬ ಕುಣಿತವಿದೆ. ನಳಿಗೆಯ ಬಾಯಿಂದ ಮದ್ದು ತುಂಬಿದ ಹಳೆಯ ಕೋವಿ ಹಿಡಿದವನು ಗಾಳಿಗೆ ನೆಗೆದು, ಕಾಲ ಕೆಳಗಿನ ನೆಲದತ್ತ ಅದನ್ನು ಹಾರಿಸುತ್ತಾನೆ. ಒಳಗೆ ಗುಂಡಿಲ್ಲ, ಬರಿಯ ಮದ್ದು. ಹುಡುಗರೂ ಹಿರಿಯರಿಂದ ಇದನ್ನು ಕಲಿಯುತ್ತಾರೆ.

ಅಭಾದಲ್ಲಿ ಬೆಳೆಯುತ್ತಿರುವ ಕೊಡಗಿನ ಹುಡುಗನೊಬ್ಬ ಇಂಥ ಕುಣಿತ ನೋಡಿ ತನಗೂ ಕೋವಿ ಕಲಿಸಿ ಎಂದರೆ ಮನೆಯವರು ಗದರಿ ಸುಮ್ಮನಾಗಿಸುವುದು ಸಹಜ. ಪರದೇಶದಲ್ಲಿ ಅದು ಸರಿಯೂ ಹೌದು. ಆದರೆ ಅದೇ ಹುಡುಗ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಕೋವಿಯನ್ನು ಅವನ ಹೆಗಲಿಗೇರಿಸಿ ಫೋಟೊ ತೆಗೆಯುವುದೂ ಅಷ್ಟೇ ಸಹಜವಾಗಿದೆ. ಅಲ್ಲಿ ಅಪಾಯವೆನಿಸಿದ್ದು ಇಲ್ಲಿ ಪರಂಪರೆ ಎನಿಸುತ್ತದೆ. ಎರಡು ಊರುಗಳಲ್ಲಿಯೂ ಹುಡುಗ ಕೋವಿಯ ಬಗ್ಗೆ ಕಲಿತದ್ದು ಏನೂ ಇಲ್ಲ.

ಕಲಿಯುವುದಕ್ಕೆ ಮದ್ದಿನ ಕೋವಿಯಷ್ಟು ಒಳ್ಳೆಯ ಮೇಷ್ಟ್ರು ಮತ್ತೊಂದಿಲ್ಲ. ಅದು ನಿಧಾನದ ಕೋವಿ. ಮೊದಲು ಗಜದ ಕಡ್ಡಿಯನ್ನು ನಳಿಗೆಯೊಳಗೆ ಇಳಿಬಿಟ್ಟು, ಒಳಗೆ ಹಳೆಯ ಮದ್ದು ಉಳಿದಿಲ್ಲವೆಂದು ಅಳೆದು ನೋಡಬೇಕು. ಮದ್ದನ್ನು ಬುರುಡೆಯಿಂದ ನೇರವಾಗಿ ಸುರಿಯುವಂತಿಲ್ಲ: ಹಿಂದಿನ ಹೊಡೆತದ ಕಿಡಿಯೊಂದು ತಳದಲ್ಲಿ ಉಳಿದಿದ್ದರೆ ಬುರುಡೆಯೇ ಕೈಯಲ್ಲಿ ಸಿಡಿಯುತ್ತದೆ. ಆದ್ದರಿಂದ ಅಳತೆಯ ಪಾತ್ರೆಗೆ ಸುರಿದು, ಅಲ್ಲಿಂದ ನಳಿಗೆಗೆ ಹಾಕಬೇಕು. ಬಳಿಕ ಗುಂಡನ್ನು ಬಟ್ಟೆಯ ತುಂಡಿನೊಡನೆ ಕಡ್ಡಿಯಿಂದ ಮದ್ದಿನ ಮೇಲೆ ಸರಿಯಾಗಿ ಕೂರುವವರೆಗೆ ಜಡಿಯಬೇಕು. ನಡುವೆ ಜಾಗ ಉಳಿದರೆ ನಳಿಗೆ ಒಡೆಯಬಹುದು. ಈ ಹೊತ್ತಿನಲ್ಲೆಲ್ಲ ಮುಖ, ಎದೆ ನಳಿಗೆಯ ಬಾಯಿಗೆ ಎದುರಾಗಿರಕೂಡದು. ಕೇಪು ಇಡುವುದು ಕಟ್ಟಕಡೆಗೆ, ಗುರಿಗೆ ಎದುರಾಗಿ ನಿಂತ ಮೇಲೆ. ಬಳಸಬೇಕಾದದ್ದು ಪೆಟ್ಲುಪ್ಪು, ಇದ್ದಿಲು, ಗಂಧಕ ಸುಮಾರು 75:15:10ರ ಪ್ರಮಾಣದಲ್ಲಿ ಬೆರೆತ ಕರಿಮದ್ದು ಮಾತ್ರ. ಹೊಗೆಯಿಲ್ಲದ ಇಂದಿನ ತೋಟಾಮದ್ದನ್ನು ತುಂಬಿದರೆ ಕೋವಿಯೇ ಚೂರಾಗುತ್ತದೆ. ಸಂಜೆ ಬಿಸಿನೀರಿನಲ್ಲಿ ನಳಿಗೆ ತೊಳೆದು, ಒರಸಿ, ಎಣ್ಣೆ ಹಚ್ಚದಿದ್ದರೆ ತುಕ್ಕು ಹಿಡಿಯುತ್ತದೆ. ಒಂದೇ ಒಂದು ಹೊಡೆತಕ್ಕೆ ಇಷ್ಟು ಕೆಲಸ. ಫೋನಿನ ಆಟದಲ್ಲಿ ನಿಮಿಷಕ್ಕೆ ನೂರು ಜನರನ್ನು ಉರುಳಿಸುವ ಹದಿಹರೆಯದವರಿಗೆ ಈ ಬೇಸರದ ಶಿಸ್ತೇ ಬೇಕಾಗಿರುವುದು.

ಆದರೆ ನಮ್ಮಲ್ಲಿ ಕೋವಿಯ ಚರ್ಚೆ ಕಲಿಕೆಯ ಸುತ್ತ ನಡೆಯುವುದಿಲ್ಲ, ಹಕ್ಕಿನ ಸುತ್ತ ನಡೆಯುತ್ತದೆ. 1857ರ ದಂಗೆಯ ನಂತರ ದೇಶವನ್ನು ನಿಶ್ಶಸ್ತ್ರಗೊಳಿಸುತ್ತಿದ್ದ ಬ್ರಿಟಿಷರು, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಮೂಲಕ ಕೊಡವರಿಗೆ ವಿನಾಯಿತಿ ಕೊಟ್ಟರು. ‘ಕೊಡವ ಕುಲ’ದವರು ಮತ್ತು ಜಮ್ಮಾ ಹಿಡುವಳಿದಾರರು ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಈ ಸೌಲಭ್ಯವನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್‌ನಲ್ಲಿ ನಳಿಗೆಗೆ ತೋಕ್‌ಪೂ ಸಿಕ್ಕಿಸಿ ಪೂಜಿಸುವ ಚೆಲುವನ್ನು, ಹುತ್ತರಿಯ ಕದಿರು ಕೊಯ್ಯುವಾಗ ಹಾರುವ ಗುಂಡನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಪ್ರಶ್ನೆ ಬೇರೆ. ರಾಜನಿಷ್ಠೆಗೆ ಮೆಚ್ಚಿ ಸಾಮ್ರಾಜ್ಯವೊಂದು ಕೊಟ್ಟ ಬಹುಮಾನವನ್ನು ಗಣರಾಜ್ಯವು ಕುಲದ ಲಕ್ಷಣವೆಂದು ಏಕೆ ಒಪ್ಪಬೇಕು? ಅದೇ ತೋಟಗಳಲ್ಲಿ ಆನೆಗಳ ದಾರಿಗೆ ಅಡ್ಡಲಾಗಿ ಬೆಳಗಿನ ಕೆಲಸಕ್ಕೆ ನಡೆದು ಹೋಗುವ ಯರವರು, ಜೇನುಕುರುಬರು ಈ ವಿನಾಯಿತಿಯ ಹೊರಗಿದ್ದಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಿದ್ದ ಸಂಪ್ರದಾಯದಲ್ಲಿ ಹೆಣ್ಣು ಮಗುವಿಗೆ ಮೌನವೇ ಸ್ವಾಗತವಾಗಿತ್ತು. ಹುಟ್ಟಿನಿಂದ ಬಂದ ಹಕ್ಕಿಗೆ ಪರೀಕ್ಷೆ ಇರುವುದಿಲ್ಲ, ಪಾಠವೂ ಇರುವುದಿಲ್ಲ.

ಪಾಠವಿಲ್ಲದ ಸಂಭ್ರಮ ಏನು ಮಾಡುತ್ತದೆಂಬುದನ್ನು ಸೌದಿ ಅರೇಬಿಯ ಕಂಡಿದೆ. 2012ರಲ್ಲಿ ಪೂರ್ವ ಪ್ರಾಂತ್ಯದ ಅಬ್ಖೈಖ್ ಬಳಿಯ ಮದುವೆಯೊಂದರಲ್ಲಿ ಹಾರಿಸಿದ ಗುಂಡು ವಿದ್ಯುತ್ ತಂತಿಯನ್ನು ಕೆಡವಿ, ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಭಾದ ಮಕ್ಕಳಿಗೆ ನಿಜವಾದ ಆಯುಧವೂ ಅಪರಿಚಿತವಲ್ಲ: 2019ರ ಜೂನ್‌ನಲ್ಲಿ ಹೌತಿಗಳ ಕ್ಷಿಪಣಿ ಅಲ್ಲಿನ ವಿಮಾನ ನಿಲ್ದಾಣಕ್ಕೆ ಬಿದ್ದು 26 ಜನ ಗಾಯಗೊಂಡಿದ್ದರು. ಹಳೆಯ ಕೋವಿಯನ್ನು ಶೌರ್ಯದ ಕುರುಹಾಗಿ ಮಕ್ಕಳ ಮುಂದೆ ಇಡುವವರು ಇದನ್ನೂ ನೆನೆಯಬೇಕು.

ಮಕ್ಕಳನ್ನು ಕೋವಿಯಿಂದ ದೂರವಿಡುವುದೇ ಪ್ರಗತಿಪರತೆ ಎಂಬ ವಾದವಿದೆ. ಅದು ನಗರದ ವಾದ. ಮಲೆನಾಡಿನಲ್ಲಿ ಹಂದಿ, ಮಂಗಗಳಿಂದ ಬೆಳೆ ಕಾಯಲು ಕೋವಿಯಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಬೆಳೆರಕ್ಷಣೆಗೆ ಮದ್ದಿನ ಕೋವಿಯ ಪರವಾನಗಿಯನ್ನು ಪ್ರತ್ಯೇಕವಾಗಿ ಹೆಸರಿಸುತ್ತದೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಮರಳಿ ತರುವ ಆ ಕೋವಿ ಮನೆಯ ಮೂಲೆಯಲ್ಲಿರುವಾಗ ಮಕ್ಕಳು ಅದನ್ನು ನೋಡದೆ ಬೆಳೆಯುವುದಿಲ್ಲ. ಕದ್ದು ಮುಟ್ಟುವುದಕ್ಕಿಂತ ಕಲಿತು ಮುಟ್ಟುವುದು ಮೇಲು. 21 ತುಂಬದವರು ಕೋವಿ ಹೊಂದುವುದನ್ನು ನಿಷೇಧಿಸುವ ಅದೇ ಕಾಯ್ದೆಯ 9ನೇ ಕಲಂ, ನಿಗದಿತ ವಯಸ್ಸು ದಾಟಿದವರಿಗೆ ತರಬೇತಿಯ ವೇಳೆ ಬಳಸುವ ಅವಕಾಶವನ್ನೂ ಇಟ್ಟಿದೆ.

ಕೊಡಗಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಈಗ ಹೆಂಗಸರೂ ಗುರಿ ಹಿಡಿಯುತ್ತಿದ್ದಾರೆ. ಆ ಮೈದಾನಗಳಿಂದಲೇ ಆರಂಭಿಸಬಹುದು. ಕಾಯ್ದೆ ಒಪ್ಪುವ ವಯಸ್ಸಿನ ಯಾವ ಮಗುವಾದರೂ ಬರಲಿ, ಯರವರ ಹಾಡಿಯಿಂದಲೂ ಬರಲಿ, ರಜೆಗೆ ಬಂದ ಅಭಾದ ಹುಡುಗನೂ ಬರಲಿ. ಮೊದಲ ವರ್ಷ ಅವರಿಗೆ ಮದ್ದು ಕೊಡುವುದು ಬೇಡ. ಖಾಲಿ ನಳಿಗೆಗೆ ಗಜದ ಕಡ್ಡಿ ಇಳಿಬಿಟ್ಟು ಅಳೆಯುವುದನ್ನು, ಸಂಜೆ ನಳಿಗೆ ತೊಳೆಯುವುದನ್ನು ಕಲಿಯಲಿ.