ಅದೇ ಸಭೆ, ಬೇರೆ ಸಿಟ್ಟು
ಜುಲೈ 28, 2017ರ ನಡುರಾತ್ರಿ ದಾಟಿದ ಮೇಲೆ ಅಮೆರಿಕದ ಸೆನೆಟ್‌ನಲ್ಲಿ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿದ್ದನ್ನು ಆ ವಾರ ಟಿವಿಗಳು ತೋರಿಸಿದ್ದೇ ತೋರಿಸಿದ್ದು. 49-51 ಮತ, ಒಬಾಮಾಕೇರ್ ಎಂಬ ಆರೋಗ್ಯ ವಿಮೆ ಕಾನೂನನ್ನು ರದ್ದು ಮಾಡುವ ಯತ್ನ ಬಿದ್ದುಹೋಯಿತು. ಹಾಗೆಂದು ಆ ಬೆರಳಿಗಷ್ಟೇ ಹಾರ ಹಾಕುವುದು ಅನ್ಯಾಯ. ಅದೇ ಪಕ್ಷದ ಸೂಸನ್ ಕಾಲಿನ್ಸ್, ಲೀಸಾ ಮುರ್ಕೋವ್ಸ್ಕಿ ಮೊದಲೇ ಪಟ್ಟು ಹಿಡಿದಿದ್ದರು (ಕ್ಯಾಮೆರಾಗಳಿಗೆ ಹೆಂಗಸರು ಕಾಣುವುದು ತುಸು ತಡ). ಅದಕ್ಕೂ ಮುಂಚೆ, ಜೂನ್ 22ರಂದು, ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ಕಚೇರಿಯ ಹೊರಗೆ ಧರಣಿ ಕೂತ ಅಂಗವಿಕಲರನ್ನು ಪೊಲೀಸರು ಕೈಕಾಲು ಹಿಡಿದು ಹೊತ್ತೊಯ್ದರು. ಗಾಲಿಕುರ್ಚಿಗಳು ಹಿಂದೆ ಉಳಿದವು. ಬಡವರ ಯೋಜನೆ ಮೆಡಿಕೈಡ್‌ಗೆ ಕತ್ತರಿ ಬಿದ್ದರೆ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿ ಕೂರಿಸುವವರೇ ಇರುವುದಿಲ್ಲ ಎಂಬುದು ಅವರ ಭಯ. ತಮಾಷೆಯೆಂದರೆ, 2009ರ ಆಗಸ್ಟ್‌ನಲ್ಲಿ ಈ ಕಾನೂನೇ ಬೇಡವೆಂದು ಜನ ಸಂಸದರು ಕ್ಷೇತ್ರಗಳಲ್ಲಿ ಕರೆದ ಸಭೆಗಳಲ್ಲಿ ಡೆಮಾಕ್ರಾಟರ ಬೆವರಿಳಿಸಿದ್ದರು. 2017ರಲ್ಲಿ, ಅದನ್ನು ಕಿತ್ತುಕೊಳ್ಳಬೇಡಿ ಎಂಬ ಜನರೆದುರು ರಿಪಬ್ಲಿಕನ್ನರ ಸರದಿ: ನ್ಯೂಜೆರ್ಸಿಯ ಸಂಸದ ಟಾಮ್ ಮೆಕಾರ್ಥರ್ ಹೆಚ್ಚುಕಡಿಮೆ ಐದು ತಾಸು ನಿಂತು ಬೈಸಿಕೊಂಡರು. ಮೊದಲ ಸಿಟ್ಟು ಊಹೆಯದು, ಎರಡನೆಯದು ಔಷಧಿ ಚೀಟಿ ಕೈಯಲ್ಲಿ ಹಿಡಿದವರದು. ಏಳು ವರ್ಷ ಬೈಸಿಕೊಂಡೇ ಬಂದ ಕಾನೂನಿಗೆ ಗ್ಯಾಲಪ್ ಸಮೀಕ್ಷೆಯಲ್ಲಿ ಮೊದಲ ಸಲ ಬಹುಮತ, ಶೇ 55, ಸಿಕ್ಕಿದ್ದು ಅದನ್ನು ತೆಗೆಯಲು ಹೊರಟ ಮೇಲೆ, 2017ರ ಏಪ್ರಿಲ್‌ನಲ್ಲಿ. ಆದರೂ ಮೇ 4ರಂದು ಕೆಳಮನೆ 217-213ರಲ್ಲಿ ರದ್ದತಿ ಮಸೂದೆ ಪಾಸು ಮಾಡಿತು, ಸಂಸತ್ತಿನದೇ ಬಜೆಟ್ ಕಚೇರಿಯ ಲೆಕ್ಕಕ್ಕೂ ಕಾಯದೆ. 20 ದಿನ ಬಿಟ್ಟು ಬಂದ ಆ ಲೆಕ್ಕದಲ್ಲಿ, 2026ರ ಹೊತ್ತಿಗೆ ವಿಮೆ ಇಲ್ಲದವರ ಸಂಖ್ಯೆ 2.3 ಕೋಟಿ ಹೆಚ್ಚುತ್ತಿತ್ತು. ಹೌದೆಂದು ಮತ ಹಾಕಿದವರು ಆ ಆಗಸ್ಟ್ ರಜೆಗೆ ತಂತಮ್ಮ ಕ್ಷೇತ್ರಗಳತ್ತ ಹೊರಟರು.